ಒಂಬತ್ತು ವೋಲ್ಟಿನ ಪಕ್ಕದ ಡೊಂಕು ಗೆರೆ

ಮಸ್ಕತ್ತಿನ ಆಸ್ಪತ್ರೆಯಲ್ಲಿ ಇಪ್ಪತ್ತೊಂಬತ್ತು ವರ್ಷ ನರ್ಸ್ ಆಗಿದ್ದ ಸಿಂಥಿಯಾ ಲೋಬೊ ಊರಿಗೆ ಮರಳುವಾಗ ಎಲ್ಲಕ್ಕಿಂತ ಜೋಪಾನವಾಗಿ ಕಟ್ಟಿಕೊಂಡು ಬಂದದ್ದು ಒಂದು ನೀಲಿ ಪೆಟ್ಟಿಗೆ. ಹಾಸ್ಟೆಲಿನಲ್ಲಿ ಜೊತೆಗಿದ್ದ ಫಿಲಿಪಿನೊ ನರ್ಸ್ ಮರಿಸೆಲ್ ಬೀಳ್ಕೊಡುವಾಗ ಕೊಟ್ಟದ್ದು. ಗಿಟಾರಿನ ವಯರನ್ನು ಅದರೊಳಗೆ ಹಾಯಿಸಿದರೆ, ಮೀಟಿದ ಸ್ವರ ದೂರದ ಗುಡ್ಡಕ್ಕೆ ಬಡಿದು ಬಂದಂತೆ ಮತ್ತೆ ಮತ್ತೆ ಕೇಳುತ್ತಿತ್ತು. ಗಿಟಾರ್ ಹಿಡಿಯಲು ಕಲಿಸಿದ್ದೂ ಮರಿಸೆಲ್ಲೇ. ಆಗ ಸಿಂಥಿಯಾರಿಗೆ ಐವತ್ತೆರಡು. ಈಗ ಅರವತ್ತೊಂದರಲ್ಲಿ ಅವರು ಕೊಂಕಣಿ ಕ್ರೈಸ್ತರ ಮದುವೆಯ ಹಿಂದಿನ ದಿನ ತೆಂಗಿನ ಹಾಲು ಹಚ್ಚುವ ರೋಸ್ ಸಂಜೆಗಳಲ್ಲಿ ನುಡಿಸುವ ನಾಲ್ಕು ಜನರ ತಂಡದಲ್ಲಿ ಗಿಟಾರಿಗೆ ಕೂರುತ್ತಾರೆ.

ಮನೆಗೆ ಬಣ್ಣ ಹೊಡೆಸಿದ ವಾರ, ಅಕ್ಕ ಬ್ರೆಂಡಾ ಕಪಾಟು ಖಾಲಿ ಮಾಡುವ ಹುರುಪಿನಲ್ಲಿ ಹಳೆಯ ವಯರು, ಚಾರ್ಜರುಗಳನ್ನೆಲ್ಲ ಒಂದು ಚೀಲಕ್ಕೆ ತುಂಬಿ ಗುಜರಿಯವನಿಗೆ ಕೊಟ್ಟುಬಿಟ್ಟರು. ನೀಲಿ ಪೆಟ್ಟಿಗೆಯ ಅಡಾಪ್ಟರೂ ಅದರೊಟ್ಟಿಗೆ ಹೋಯಿತು. ಬರುವ ಶನಿವಾರ ಕೊಟ್ಟಾರದಲ್ಲಿ ಒಂದು ರೋಸ್ ಇತ್ತು.

“ಅದಕ್ಕೆಂತ ತಲೆಬಿಸಿ ಆಂಟಿ?” ಎಂದ ತಂಡದ ನೆವಿಲ್. ಬ್ಯಾಂಕಿನಲ್ಲಿ ಕೆಲಸ, ಸಂಜೆಗೆ ಬೇಸ್ ಗಿಟಾರ್. “ಪಿನ್ನು ಒಳಗೆ ಹೋದರೆ ಆಯ್ತು.” ಮಾತಿಗೆ ಸಾಕ್ಷಿಯಾಗಿ ತನ್ನ ಬೇಸ್ ಗಿಟಾರಿನ ಅಂಥದ್ದೇ ಕೆಂಪು ಪೆಟ್ಟಿಗೆಗೆ ವೈಫೈ ಮೋಡೆಮ್ಮಿನ ಅಡಾಪ್ಟರನ್ನು ಚುಚ್ಚಿಯೂ ತೋರಿಸಿದ. ಪಿನ್ನು ಸಲೀಸಾಗಿ ಒಳಗೆ ಹೋಯಿತು. ದೀಪ ಹೊತ್ತಲೇ ಇಲ್ಲ. ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಕೋಣೆ ತುಂಬಿತು.

ನೆವಿಲ್ ತಲೆಗೆ ಕೈ ಇಟ್ಟು ಕೂತ. ಸಿಂಥಿಯಾರಿಗೆ ಅಯ್ಯೋ ಪಾಪ ಅನ್ನಿಸುವ ಮೊದಲೇ ಇನ್ನೊಂದು ಅನ್ನಿಸಿತು: ಇದು ಸತ್ತದ್ದು ಯಾಕೆ? ಆಸ್ಪತ್ರೆಯಲ್ಲಿ ಔಷಧಿಯ ಸೀಸೆಯ ಚೀಟಿಯನ್ನು ಮೂರು ಸಲ ಓದದೆ ಸಿರಿಂಜಿಗೆ ಎಳೆದವರಲ್ಲ ಅವರು. ಸೂಜಿ ಹೋಗುತ್ತದೆ ಎಂದ ಮಾತ್ರಕ್ಕೆ ಯಾರಾದರೂ ಸಿಕ್ಕಿದ್ದನ್ನು ಚುಚ್ಚುತ್ತಾರೆಯೇ?

ಮರುದಿನ ಎರಡೂ ಪೆಟ್ಟಿಗೆಗಳನ್ನು ಬಟ್ಟೆಯ ಚೀಲದಲ್ಲಿ ಹಾಕಿಕೊಂಡು ಬಸ್ಸು ಹತ್ತಿ ತೊಕ್ಕೊಟ್ಟಿಗೆ ಹೋದರು. ಅಲ್ಲಿ ಸರ್ವೋತ್ತಮ ಶೆಟ್ಟರ ರಿಪೇರಿ ಅಂಗಡಿ. ರೇಡಿಯೋ ಕಾಲದಿಂದ ಇದ್ದವರು. ಈಗ ಮಿಕ್ಸಿ, ಇನ್ವರ್ಟರ್, ಯಕ್ಷಗಾನ ಮೇಳದ ಮೈಕು, ಏನು ಬಂದರೂ ಬಿಚ್ಚುತ್ತಾರೆ.

ಶೆಟ್ಟರು ಕೆಂಪು ಪೆಟ್ಟಿಗೆಯನ್ನು ಮೂಸಿ ನೋಡಿ ನಕ್ಕರು. “ಎಂತ ಕೊಟ್ಟದ್ದು ಬಾಯಮ್ಮ ಇದಕ್ಕೆ?”

“ಮೋಡೆಮ್ಮಿನದ್ದು. ಹನ್ನೆರಡು ವೋಲ್ಟ್.”

“ಇದಕ್ಕೆ ಬೇಕಾದ್ದು ಒಂಬತ್ತು. ಅದೊಂದೇ ಅಲ್ಲ, ಇಲ್ಲಿ ನೋಡಿ.” ಅವರು ತೋರಿಸಿದಲ್ಲಿ ಒಂದು ಪುಟ್ಟ ಚಿತ್ರವಿತ್ತು: ನಡುವೆ ಚುಕ್ಕೆ, ಸುತ್ತ ಅರ್ಧ ಉಂಗುರ, ಉಂಗುರದ ಕಡೆ ಪ್ಲಸ್, ಚುಕ್ಕೆಯ ಕಡೆ ಮೈನಸ್. “ಪಿನ್ನಿನ ನಡುವೆ ಮೈನಸ್ಸು ಬರಬೇಕು ಅಂತ ಅರ್ಥ. ಗಿಟಾರಿನ ಪೆಟ್ಟಿಗೆ ಹೆಚ್ಚಿನದ್ದೂ ಹೀಗೆ. ಮೋಡೆಮ್ಮಿನದ್ದರಲ್ಲಿ ನಡುವೆ ಪ್ಲಸ್ಸು. ಹೆಚ್ಚು ವೋಲ್ಟು, ಅದೂ ಉಲ್ಟಾ. ಸಾಯದೆ ಎಂತ ಮಾಡ್ತದೆ?”

“ವೋಲ್ಟ್ ಅಂದ್ರೆ ನಮ್ಮ ಬಿಪಿಯ ಹಾಗೆ ಅಲ್ವಾ? ಒತ್ತಡ?”

“ಹಾಗೇ ಅಂದುಕೊಳ್ಳಿ.”

“ಮತ್ತೆ ಈ ಆಂಪಿಯರ್ ಅಂತ ಬರೀತಾರಲ್ಲ, ಅದು ಹೆಚ್ಚಾದ್ರೂ ಸುಡ್ತದಾ?”

ಶೆಟ್ಟರು ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟರು. ಇಂಥ ಪ್ರಶ್ನೆ ಕೇಳುವ ಗಿರಾಕಿ ಅವರಿಗೆ ವರ್ಷಕ್ಕೊಬ್ಬರು ಸಿಕ್ಕರೆ ಹೆಚ್ಚು. “ಇಲ್ಲ ಮಾರ್ರೆ. ಮದುವೆ ಹಾಲ್‌ನಲ್ಲಿ ಸಾವಿರ ಜನರಿಗೆ ಅಡುಗೆ ಮಾಡಿದ್ದಾರೆ ಅಂತ ನೀವು ಸಾವಿರ ಜನರ ಊಟ ಮಾಡ್ತೀರಾ? ಪೆಟ್ಟಿಗೆ ತನಗೆ ಬೇಕಾದಷ್ಟೇ ಎಳೀತದೆ. ಕಡಿಮೆ ಆದ್ರೆ ಮಾತ್ರ ಕಷ್ಟ, ಅಡಾಪ್ಟರು ಬಿಸಿಯಾಗಿ ಒದ್ದಾಡ್ತದೆ.”

ಹಾಗೆ ಹೇಳುತ್ತಲೇ ನೀಲಿ ಪೆಟ್ಟಿಗೆಯ ತಳ ನೋಡಿದರು. ಮಾಸಿದ ಚೀಟಿಯಲ್ಲಿ ಒಂಬತ್ತು ವೋಲ್ಟ್, ಐನೂರು ಮಿಲಿ ಆಂಪಿಯರ್ ಎಂದಿತ್ತು. ಡಬ್ಬಿಯಿಂದ ಹೊಸ ಅಡಾಪ್ಟರ್ ತೆಗೆದು ಮೀಟರಿಗೆ ಹಿಡಿದು, ಒಂಬತ್ತು ಸರಿಯಾಗಿದೆ, ನಡುವೆ ಮೈನಸ್ಸೂ ಸರಿಯಾಗಿದೆ ಎಂದು ತೋರಿಸಿದರು. ಇನ್ನೇನು ಚುಚ್ಚಬೇಕು.

“ನಿಲ್ಲಿ ಶೆಟ್ರೇ,” ಎಂದರು ಸಿಂಥಿಯಾ.

ಅವರು ಎರಡು ಪೆಟ್ಟಿಗೆಗಳನ್ನೂ ಮಗುಚಿ ಅಕ್ಕಪಕ್ಕ ಇಟ್ಟಿದ್ದರು. “ಕೆಂಪಿನದ್ದರಲ್ಲಿ ಆ ಉಂಗುರದ ಚಿತ್ರ ಉಂಟು. ನೀಲಿಯದ್ದರಲ್ಲಿ ಇಲ್ಲ, ಯಾಕೆ? ಮತ್ತೆ ಕೆಂಪಿನಲ್ಲಿ ವೋಲ್ಟಿನ ಪಕ್ಕ ಗೆರೆ ನೆಟ್ಟಗೆ ಉಂಟು. ನೀಲಿಯಲ್ಲಿ ಡೊಂಕು.”

ಶೆಟ್ಟರು ಭೂತಗನ್ನಡಿ ಹಿಡಿದರು. ಉಜ್ಜಿ ಹೋದ ಅಕ್ಷರಗಳ ನಡುವೆ ಎರೆಹುಳದಂಥ ಸಣ್ಣ ಅಲೆಯೊಂದು ಕಂಡಿತು. ಅವರು ಅಡಾಪ್ಟರಿನ ವಯರನ್ನು ಮೆಲ್ಲನೆ ಸುತ್ತಿ ಡಬ್ಬಿಗೆ ಹಾಕಿದರು.

“ಇದು ಎಸಿ ಬೇಡುವ ಪೆಟ್ಟಿಗೆ, ಬಾಯಮ್ಮ. ಎಸಿಯಲ್ಲಿ ಪ್ಲಸ್ಸು ಮೈನಸ್ಸು ನಿಂತಲ್ಲಿ ನಿಲ್ಲುದಿಲ್ಲ, ಸೆಕೆಂಡಿಗೆ ಐವತ್ತು ಸಲ ಹೋಗಿ ಬರ್ತದೆ. ಅದಕ್ಕೇ ಆ ಚಿತ್ರ ಇಲ್ಲ. ನಲವತ್ತು ವರ್ಷ ಆಯ್ತು ನನಗೆ ಈ ಕೆಲಸದಲ್ಲಿ. ನಾನು ನೋಡ್ಲೇ ಇಲ್ಲ.”

“ಚುಚ್ಚಿದ್ರೆ ಎಂತ ಆಗ್ತಿತ್ತು?”

“ಏನೂ ಆಗದೆಯೂ ಇರಬಹುದು, ಒಳಗೆ ಒಂದು ಬದಿಗೆ ಮಾತ್ರ ಕರೆಂಟು ಹೋಗಿ ಅರ್ಧ ಜೀವದಲ್ಲಿ ಕುಂಟಲೂಬಹುದು. ಇದರ ಅಡಾಪ್ಟರನ್ನು ಆ ಕೆಂಪಿನಂಥದ್ದಕ್ಕೆ ಕೊಟ್ಟರೆ ಮಾತ್ರ ಗ್ಯಾರಂಟಿ ಕೆಟ್ಟುಹೋಗ್ತದೆ.”

ಒಂಬತ್ತು ವೋಲ್ಟಿನ ಎಸಿ ಅಡಾಪ್ಟರ್ ಈಗಿನ ಅಂಗಡಿಗಳಲ್ಲಿ ಸುಲಭಕ್ಕೆ ಸಿಗುವುದಿಲ್ಲ. “ನೀವೇ ಒಂದು ಮಾಡಿ ಕೊಡ್ಬಹುದಾ?” ಎಂದು ಕೇಳಿದ್ದಕ್ಕೆ ಶೆಟ್ಟರು ತಲೆಯಾಡಿಸಿದರು. “ಮಾಡ್ಬಹುದು. ಆದರೆ ಮಾಡುದಿಲ್ಲ. ನಿಮ್ಮ ಸ್ಟೇಜಿನಲ್ಲಿ ಕಾಲಬುಡದಲ್ಲಿ ಇರುದು, ಜನ ಗ್ಲಾಸು ಹಿಡ್ಕೊಂಡು ಕುಣಿಯುದು. ಗೋಡೆಯ ಕರೆಂಟು ಬರುವ ವಸ್ತು ಕಂಪೆನಿಯಲ್ಲಿ ಬಿಗಿಯಾಗಿ ಮುಚ್ಚಿದ್ದೇ ಆಗಬೇಕು.”

ಅವರು ಏಣಿ ಹಾಕಿ ಅಟ್ಟದಿಂದ ಒಂದು ತಗಡಿನ ಪೆಟ್ಟಿಗೆ ಇಳಿಸಿದರು. ಒಳಗೆ ಹಳೆಯ ಕಾರ್ಡ್‌ಲೆಸ್ ಲ್ಯಾಂಡ್‌ಲೈನ್ ಫೋನುಗಳು, ಟೆಲಿಫೋನ್ ತಂತಿಯಲ್ಲಿ ಇಂಟರ್ನೆಟ್ ಬರುತ್ತಿದ್ದ ಕಾಲದ ಮೋಡೆಮ್ಮುಗಳು, ಅವುಗಳ ಅಡಾಪ್ಟರುಗಳು. ಸಿಂಥಿಯಾ ಸ್ಟೂಲು ಎಳೆದುಕೊಂಡು ಕೂತು ಒಂದೊಂದೇ ಅಡಾಪ್ಟರಿನ ಬರಹ ಗಟ್ಟಿಯಾಗಿ ಓದತೊಡಗಿದರು. ನೇರ ಗೆರೆ, ಬೇಡ. ಆರು ವೋಲ್ಟ್, ಬೇಡ. ಹನ್ನೊಂದನೆಯದು ಕೈಗೆ ಭಾರವಾಗಿತ್ತು. ಒಳಬರುವುದು ಇನ್ನೂರ ಮೂವತ್ತು, ಹೊರಹೋಗುವುದು ಒಂಬತ್ತು, ಪಕ್ಕದಲ್ಲಿ ಡೊಂಕು ಗೆರೆ, ಒಂದು ಆಂಪಿಯರ್.

“ಸಿಕ್ಕಿತು!” ಎಂದು ಅವರು ಕೂಗಿದ್ದಕ್ಕೆ ಪಕ್ಕದ ಹಣ್ಣಿನಂಗಡಿಯ ಸುಮಯ್ಯಾ ಇಣುಕಿ ನೋಡಿದಳು.

ಮೀಟರು ಹತ್ತೂವರೆ ತೋರಿಸಿತು. ಸಿಂಥಿಯಾರ ಮುಖ ಸಣ್ಣದಾಯಿತು. ಶೆಟ್ಟರು ಅವಸರ ಮಾಡಲಿಲ್ಲ. ಒಂದು ಪುಟ್ಟ ಬಲ್ಬನ್ನು ಅದಕ್ಕೆ ಸಿಕ್ಕಿಸಿ ಮತ್ತೆ ಅಳೆದರು. ಒಂಬತ್ತು ಪಾಯಿಂಟ್ ಮೂರು. “ಇಂಥದ್ದು ಕೆಲಸ ಇಲ್ಲದಾಗ ಸ್ವಲ್ಪ ಏರಿ ನಿಲ್ತದೆ. ಹೊರೆ ಹೊತ್ತಾಗ ಸರಿಯಾಗಿ ಇಳೀತದೆ.” ಬಲ್ಬು ತೆಗೆದರೆ ಏರುತ್ತದೆ, ಹಾಕಿದರೆ ಇಳಿಯುತ್ತದೆ. ಸಿಂಥಿಯಾ ತಾವೇ ನಾಲ್ಕು ಸಲ ತೆಗೆದು ಹಾಕಿ ನೋಡಿದರು. ಆಮೇಲೆ ಶೆಟ್ಟರು ಗೋಡೆಗೆ ಚುಚ್ಚುವ ಕಡ್ಡಿಗಳೂ ಹೊರಬರುವ ವಯರೂ ಒಳಗೊಳಗೇ ಎಲ್ಲೂ ಒಂದಕ್ಕೊಂದು ತಾಗುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡು, ನೀಲಿ ಪೆಟ್ಟಿಗೆಗೆ ಹೊಂದುವ ಪಿನ್ನನ್ನು ಬೆಸೆದರು.

ಗಿಟಾರ್ ಇರಲಿಲ್ಲ, ಮೇಳದವರ ಮೈಕನ್ನೂ ಒಂದು ಸ್ಪೀಕರನ್ನೂ ಪೆಟ್ಟಿಗೆಗೆ ಸಿಕ್ಕಿಸಿದರು. ದೀಪ ಹೊತ್ತಿತು. ಸಿಂಥಿಯಾ ಮೈಕಿಗೆ ಬಾಯಿ ಹಚ್ಚಿ, ಏನು ಹೇಳುವುದೆಂದು ತೋಚದೆ, “ಮರಿಸೆಲ್” ಎಂದರು. ಮರಿಸೆಲ್, ಸೆಲ್, ಸೆಲ್ ಎಂದು ಸ್ಪೀಕರು ತೊಕ್ಕೊಟ್ಟಿನ ಬಸ್ಸುಗಳ ಹಾರ್ನಿನ ನಡುವೆ ಮೆಲ್ಲಗೆ ಕರೆದು ಸುಮ್ಮನಾಯಿತು. ಅವರು ಅದೇ ಹೆಸರನ್ನು ಇನ್ನೊಮ್ಮೆ ಹೇಳಿದರು. ಶೆಟ್ಟರು ಅದನ್ನು ಗಮನಿಸದವರಂತೆ ಚಾ ಹೇಳಿದರು.

ಒಂದು ಗಂಟೆ ಹಾಗೇ ಉರಿಯಲು ಬಿಟ್ಟರು. ನಡುನಡುವೆ ಸಿಂಥಿಯಾ ಜ್ವರದ ಮಗುವಿನ ಹಣೆ ಮುಟ್ಟುವಂತೆ ಅಡಾಪ್ಟರಿಗೆ ಕೈಯ ಹಿಂಬದಿ ತಾಗಿಸಿ ನೋಡಿದರು. ಬೆಚ್ಚಗಿತ್ತು, ಅಷ್ಟೆ.

ಶನಿವಾರದ ರೋಸ್ ಚೆನ್ನಾಗಿ ಆಯಿತು. ಅಂದಿಗೆ ಮೊದಲೇ ಅವರು ಆಸ್ಪತ್ರೆಯ ಬಿಳಿ ಪ್ಲಾಸ್ಟರ್ ಕತ್ತರಿಸಿ, ತಂಡದವರ ಪ್ರತಿ ಪೆಟ್ಟಿಗೆಗೂ ಅದರ ಅಡಾಪ್ಟರಿಗೂ ಒಂದೇ ನಂಬರ್ ಅಂಟಿಸಿದ್ದರು. ನೆವಿಲ್ ಮೊದಲು ನಕ್ಕ. ಆಮೇಲೆ ಮನೆಯಲ್ಲಿದ್ದ ಎಲ್ಲ ಚಾರ್ಜರುಗಳನ್ನೂ ತಂದು ಮುಂದಿಟ್ಟ. ಈಗ ಬೇರೆ ತಂಡಗಳವರೂ ಅವರಿಗೆ ಅಡಾಪ್ಟರಿನ ಫೋಟೊ ಕಳಿಸಿ, “ಇದು ಆಗ್ತದಾ ಆಂಟಿ?” ಎಂದು ಕೇಳುತ್ತಾರೆ. ಪೆಟ್ಟಿಗೆಯ ತಳದ ಫೋಟೊವೂ ಬರುವ ತನಕ ಅವರು ಉತ್ತರಿಸುವುದಿಲ್ಲ.

ಸೋಮವಾರ ಅವರು ಮತ್ತೆ ತೊಕ್ಕೊಟ್ಟಿನಲ್ಲಿದ್ದರು. ಕೈಯಲ್ಲಿ ರಿಪೇರಿಗೆ ಏನೂ ಇರಲಿಲ್ಲ.

“ಶೆಟ್ರೇ, ಸೆಕೆಂಡಿಗೆ ಐವತ್ತು ಸಲ ಹೋಗಿ ಬರ್ತದೆ ಅಂದ್ರಲ್ಲ. ಹಾಗಾದ್ರೆ ಈ ಬಲ್ಬು ಮಿಣುಕಬೇಕಲ್ವಾ?”

“ಮಿಣುಕ್ತದೆ. ನಮ್ಮ ಕಣ್ಣಿಗೆ ಕಾಣುದಿಲ್ಲ.”

“ಫೋನಿಗೆ ಕಾಣಬಹುದಾ?”

ಶೆಟ್ಟರು ಅಂಗಡಿಯ ಅತಿ ಅಗ್ಗದ ಎಲ್‌ಇಡಿ ಬಲ್ಬನ್ನು ಹೋಲ್ಡರಿಗೆ ಸಿಕ್ಕಿಸಿದರು. ಸಿಂಥಿಯಾ ಫೋನಿನಲ್ಲಿ ನಿಧಾನಗತಿಯ ವಿಡಿಯೋ ತೆಗೆದರು. ಇಬ್ಬರೂ ತಲೆ ಬಗ್ಗಿಸಿ ನೋಡಿದರು. ಪರದೆಯ ಮೇಲೆ ಬಲ್ಬು ಉಸಿರಾಡುತ್ತಿತ್ತು: ಹೊತ್ತಿ, ಮಸುಕಾಗಿ, ಮತ್ತೆ ಹೊತ್ತಿ.

“ಹೌದಲ್ಲ ಮಾರ್ರೆ!” ಎಂದರು ಶೆಟ್ಟರು.