ಅಮೋಘಸಿದ್ದಪ್ಪನವರ ತಾಟು

ತಿಕೋಟಾದ ಒಣದ್ರಾಕ್ಷಿ ವ್ಯಾಪಾರಿ ಅಮೋಘಸಿದ್ದಪ್ಪನವರು ತಮ್ಮ ಧಂದೆಯ ವೆಬ್ ಆ್ಯಪಿಗೆ ಯೋಜನೆ ಹಾಕುವುದು ಊಟದ ತಾಟಿನಲ್ಲಿ. ವಿಜಯಪುರದಿಂದ ಆ್ಯಪ್ ಮಾಡುವ ಶಾಹಿಸ್ತಾ ಬಂದಳೆಂದರೆ ಸಾಕು, ಆ್ಯಪಿನಲ್ಲಿ ಬೇಕಾದ ಒಂದೊಂದು ಖಾನೆಗೂ, ಅಂದರೆ ಒಂದೊಂದು ಸೌಲಭ್ಯಕ್ಕೂ, ತಾಟಿನಲ್ಲಿ ಒಂದೊಂದು ದ್ರಾಕ್ಷಿ ಇಡುತ್ತಾರೆ. ಅವಳು ಬೇಡವೆಂದ ಖಾನೆಯ ದ್ರಾಕ್ಷಿಯನ್ನು ತಾವೇ ತಿನ್ನುತ್ತಾರೆ. "ಮಳಿ ಬರೂದನ್ನ ವಾರ ಮೊದ್ಲ ಹೇಳೂ ಖಾನಿ ಇರ್ಲಿ ಯವ್ವಾ." "ಆಗೂದಿಲ್ರಿ ಕಾಕಾ." ಗುಳುಂ. "ಚೌಕಾಸಿ ಮಾಡಾವ್ರನ್ನ ಬೈಯೂ ಖಾನಿ?" ಗುಳುಂ. ಮೂರು ತಿಂಗಳಲ್ಲಿ ಬೆಳೆದದ್ದು ಅವರ ಹೊಟ್ಟೆಯೊಂದೇ. ಕಡೆಗೆ, ಪ್ರತಿ ಬಾಕ್ಸಿನ ಮೇಲೆ ಅದರ ದ್ರಾಕ್ಷಿಯ ಕಸಕಡ್ಡಿ ತೆಗೆದು ಆರಿಸಿದ ಕೂಲಿಯವಳ ಹೆಸರು ಬರುವ ಖಾನೆ ಕೇಳಿದರು. "ಗಿರಾಕಿಗೆ ಅದ್ಯಾಕ್ರಿ? ತಗೀರಿ ಅದನ್ನ." ಆ ದ್ರಾಕ್ಷಿ ಮಾತ್ರ ಬಾಯಿಗೆ ಹೋಗಲಿಲ್ಲ. "ನಮ್ಮವ್ವ ಬ್ಯಾರೆ ಮಂದಿ ಶೆಡ್ಡಿನ್ಯಾಗ ಇಪ್ಪತ್ತು ವರ್ಷ ಆರಿಸ್ಯಾಳ. ಒಂದು ಬಾಕ್ಸಿನ ಮ್ಯಾಲೂ ಆಕಿ ಹೆಸರು ಬರಲಿಲ್ಲ," ಎಂದು ಅದನ್ನು ತಾಟಿನ ನಡುವೆ ಇಟ್ಟರು. ಶಾಹಿಸ್ತಾ ಲ್ಯಾಪ್‌ಟಾಪ್ ತೆರೆದು ಕೇಳಿದಳು: "ಅವ್ವಾರ ಹೆಸರು ಹೇಳ್ರಿ ಕಾಕಾ, ಮೊದ್ಲ ಅದನ್ನ ಹಾಕಿ ನೋಡೂಣು."