ಮೊಳೆ ಬೇಡವೆಂದ ಗೋಡೆಗೆ ಕಬ್ಬಿಣದ ಬಣ್ಣ

ಕಳೆದ ಭಾನುವಾರ ಬೆಳಿಗ್ಗೆ ನಮ್ಮ ಮನೆಯ ಮಾಲಕಿ ಬಾಗಿಲು ಬಡಿದಾಗ ನಾನು ಮೊದಲು ಮಾಡಿದ ಕೆಲಸ ಏನು ಗೊತ್ತೆ? ಪಡಸಾಲೆಯ ಗೋಡೆಗೆ ಬೆನ್ನು ಹಚ್ಚಿ, ಎರಡೂ ಕೈ ಅಗಲಿಸಿ ನಿಂತುಬಿಟ್ಟೆ.

ಬೆನ್ನ ಹಿಂದೆ ಮೂರಡಿ ಅಗಲದ ಕಪ್ಪು ಚೌಕವಿತ್ತು. ಅದನ್ನು ನನ್ನಂಥ ಕಡ್ಡಿ ಪೈಲ್ವಾನಳು ಮುಚ್ಚುವುದಾದರೂ ಹೇಗೆ? (ಬಣ್ಣ ಇನ್ನೂ ಹಸಿಯಾಗಿತ್ತು. ಆ ನೈಟಿ ಈಗ ನೆಲ ಒರೆಸುತ್ತಿದೆ.)

ವಿಷಯ ಇಷ್ಟು. ನಾವು ಬಾಡಿಗೆಗಿರುವುದು ವಿಜಯಪುರದ ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯ ಹಳೆಯ ಮನೆಯಲ್ಲಿ. ಮೊಳ ದಪ್ಪದ ಗೋಡೆ, ಮೇಲೆ ಗಾರೆ. ಒಂದು ಮೊಳೆ ಹೊಡೆದರೆ ಅಂಗೈಯಗಲ ಗಾರೆ ಕಳಚಿ ಬೀಳುತ್ತದೆ. ಹಾಗಾಗಿ ಮಾಲಕಿ ಗೌರಕ್ಕ ಹಾಕಿದ ಷರತ್ತು ಒಂದೇ: "ಮೊಳಿ ಹೊಡಿಬ್ಯಾಡ್ರಿ."

ಗೌರಕ್ಕನವರದು ಟಿಕೋಟಾದ ಹತ್ತಿರ ದ್ರಾಕ್ಷಿ ತೋಟ. ತಿಂಗಳಿಗೊಂದು ಸೋಮವಾರ ಗುಡಿಗೆ ಬಂದವರು ಸಂಜೆ ನಮ್ಮಲ್ಲಿ ಚಹಾ ಕುಡಿಯುತ್ತಾರೆ. ಆಮೇಲೆ ಗೋಡೆಗಳ ಮೇಲೆ ಅಂಗೈ ಆಡಿಸುತ್ತ ಮನೆಯೊಳಗೆ ಒಂದು ಸುತ್ತು ಹಾಕುತ್ತಾರೆ. ಆ ಐದು ನಿಮಿಷ ನನಗೆ ಎಸೆಸೆಲ್ಸಿ ರಿಸಲ್ಟ್ ಕಾದಂತೆ ಆಗುತ್ತದೆ. ಮುಂದಿನ ತಿಂಗಳು ನಮ್ಮ ಅಗ್ರಿಮೆಂಟ್ ಬೇರೆ ಮುಗಿಯುತ್ತದೆ. ಆರು ವರ್ಷದಲ್ಲಿ ಇದು ನಾಲ್ಕನೆಯ ಮನೆ. ಮಗಳು ಶಾಲೆಗೆ ನಡೆದೇ ಹೋಗುತ್ತಾಳೆ, ಓಣಿಯಲ್ಲಿ ಈಗಷ್ಟೇ ಗೆಳತಿಯರು ಸಿಕ್ಕಿದ್ದಾರೆ. ಮತ್ತೆ ಗಂಟುಮೂಟೆ ಕಟ್ಟುವ ತಾಕತ್ತು ನನಗಂತೂ ಇಲ್ಲ.

ಹಾಗಿದ್ದ ಮೇಲೆ ಗೋಡೆಯ ತಂಟೆಗೆ ಯಾಕೆ ಹೋದಿರಿ ಅಂತೀರಾ? ನಮ್ಮನೆಯವರು ಹೊನವಾಡದ ಶಾಲೆಯಲ್ಲಿ ಮಾಸ್ತರರು. ನನ್ನ ಆಫೀಸು ಬಬಲೇಶ್ವರದಲ್ಲಿ. ಅವರು ಹತ್ತುವ ಬಸ್ಸು ಒಂದು ದಿಕ್ಕಿಗೆ, ನಾನು ಹತ್ತುವುದು ಇನ್ನೊಂದು ದಿಕ್ಕಿಗೆ. ನೀರು ಬಂತು, ಸಿಲಿಂಡರ್ ಮುಗಿಯಿತು, ಮಗಳಿಗೆ ನಾಳೆ ಚಾರ್ಟ್ ಬೇಕು... ಎಲ್ಲವೂ ಚೀಟಿಯಲ್ಲೇ. ಚೀಟಿ ಫ್ಯಾನಿನ ಗಾಳಿಗೆ ಹಾರಿ ಮಂಚದ ಕೆಳಗೆ ಸೇರುತ್ತದೆ. (ವಾಟ್ಸ್‌ಆಪ್ ಇಲ್ಲವೆ ಎಂದು ಕೇಳಬೇಡಿ. ನಮ್ಮನೆಯವರು ಅದನ್ನು ತೆರೆಯುವುದು ಗುಡ್ ಮಾರ್ನಿಂಗ್ ಕಳಿಸಲು ಮಾತ್ರ.)

ಆಗ ಅವರೇ ಯೂಟ್ಯೂಬಿನಲ್ಲಿ ಒಂದು ಉಪಾಯ ಹುಡುಕಿದರು. ಕಬ್ಬಿಣದ ಪುಡಿ ಬೆರೆಸಿದ ಕಪ್ಪು ಬಣ್ಣವನ್ನು ಗೋಡೆಗೆ ಹಚ್ಚುವುದು, ಅದರ ಮೇಲೆ ವೈಟ್‌ಬೋರ್ಡ್ ಪೇಂಟ್. ಬರೆಯಬಹುದು, ಒರೆಸಬಹುದು, ಚೀಟಿಯನ್ನು ಮ್ಯಾಗ್ನೆಟ್‌ನಿಂದ ಸಿಕ್ಕಿಸಬಹುದು. ಮೊಳೆಯ ಮಾತೇ ಇಲ್ಲ! ಸೋಮವಾರ ಗೌರಕ್ಕ ಬರುವಷ್ಟರಲ್ಲಿ ಗೋಡೆ ಬೆಳ್ಳಗಾಗಿರುತ್ತದೆ ಎಂದು ಲೆಕ್ಕ ಹಾಕಿ, ಶನಿವಾರ ಕಪ್ಪು ಬಣ್ಣದ ಎರಡು ಕೋಟ್, ಭಾನುವಾರ ಬೆಳಿಗ್ಗೆ ಒಂದು ಕೋಟ್ ಹಚ್ಚಿ ಮುಗಿಸಿದೆವು.

ಗೌರಕ್ಕ ಬಂದದ್ದು ಭಾನುವಾರವೇ. ಇಲ್ಲೇ ವಿಜಯಪುರದಲ್ಲಿ ಯಾರದೋ ಮದುವೆಯಿತ್ತಂತೆ.

"ಯಾಕವ್ವಾ, ಗ್ವಾಡಿಗೆ ಅಂಟಿಕೊಂಡು ನಿಂತೀ? ಸರಿ ನೋಡೂಣು."

ಸರಿದೆ. ಅವರು ಗೋಡೆಯನ್ನು ನೋಡಿದರು, ನನ್ನನ್ನು ನೋಡಿದರು. "ಮಸಿ ಬಡದೀರಲ್ಲ! ಏನಿದು?"

"ಮ್ಯಾಗ್ನೆಟ್ ಹಿಡಿಯೂ ಬಣ್ಣರೀ ಅಕ್ಕಾರ. ಮೊಳಿ ಹೊಡಿಬಾರದಂತ..." ಎಂದೆ.

"ಹಿಡಿತೈತೇನು? ತೋರ್ಸು."

ಶನಿವಾರದ ಬಣ್ಣ ಒಣಗಿದ್ದ ಅಂಚಿನಲ್ಲಿ ಫ್ರಿಜ್ಜಿನ ಮ್ಯಾಗ್ನೆಟ್ ಇಟ್ಟೆ. ಟಪ್ ಅಂತ ಕೆಳಗೆ ಬಿತ್ತು. ಇನ್ನೊಮ್ಮೆ ಇಟ್ಟೆ. ಇನ್ನೊಮ್ಮೆ ಬಿತ್ತು. ಗೋಡೆಯೂ ಹೋಯಿತು, ಮರ್ಯಾದೆಯೂ ಹೋಯಿತು, ಇನ್ನು ಮನೆ ಹುಡುಕುವುದೊಂದೇ ಬಾಕಿ ಅಂದುಕೊಂಡೆ.

ಗೌರಕ್ಕ ಬಣ್ಣದ ಡಬ್ಬಿಯೊಳಗೆ ಇಣುಕಿದರು. "ಮಾಸ್ತರ, ಇದನ್ನ ತಿರುವಿ ಹಚ್ಚಿದ್ರೋ, ಹಂಗ ಹಚ್ಚಿದ್ರೋ?"

"ಅಳ್ಳಾಡಿಸಿದ್ವಿರಿ," ಎಂದರು ನಮ್ಮನೆಯವರು.

"ಅಳ್ಳಾಡಿಸಿದ್ರ ಏನಾಕ್ಕೈತ್ರಿ? ಒಂದ ಕಟಿಗಿ ತರ್ರಿ."

ಶಾಲೆಯ ಮರದ ಸ್ಕೇಲು ಬಂತು. ಗೌರಕ್ಕ ಮದುವೆಯ ರೇಷ್ಮೆ ಸೀರೆಯ ಸೆರಗು ಸಿಕ್ಕಿಸಿ ನೆಲದ ಮೇಲೆ ಕುಳಿತೇಬಿಟ್ಟರು. ತಳದಿಂದ ಎತ್ತಿ ತೋರಿಸಿದರೆ, ಸ್ಕೇಲಿನ ತುದಿಯಲ್ಲಿ ಕರಿ ಕೆಸರು! ಕಬ್ಬಿಣವೆಲ್ಲ ತಳದಲ್ಲಿ ಕುಳಿತಿತ್ತು. ನಾವು ಎರಡು ದಿನ ಗೋಡೆಗೆ ಬಳಿದದ್ದು ಮೇಲಿನ ತಿಳಿಯನ್ನು.

"ಬಳ್ಳಿಗೆ ಮೈಲುತುತ್ತ-ಸುಣ್ಣ ಹೊಡಿಯೂ ಮುಂದ ಬ್ಯಾರಲ್‌ದಾಗ ಒಬ್ಬರು ತಿರುವತಾನ ಇರಬೇಕವ್ವಾ. ಕೈ ಬಿಟ್ರ ಔಷಧ ತಳಕ್ಕ ಕುಂದರತೈತಿ, ಬಳ್ಳಿಗೆ ಬರೇ ನೀರು ಬೀಳತೈತಿ. ಇದೂ ಹಂಗ."

ಅವರು ತಿರುವಿದರು, ನಮ್ಮನೆಯವರು ಹಚ್ಚಿದರು. "ಇದು ಒಣಗೂದರಾಗ ಅಕ್ಕಿಕಾಳು ಹಾಕಿ ಬರತೀನಿ," ಎಂದು ಮದುವೆಗೆ ಹೋದರು. ಊಟ ಮುಗಿಸಿ ಬಂದು ಇನ್ನೊಂದು ಕೋಟ್ ಹಚ್ಚಿಸಿದರು. ಟಿಕೋಟಾದ ಎರಡು ಬಸ್ಸು ಬಿಟ್ಟರು. ಸಂಜೆ ಆರಕ್ಕೆ ಮಗಳು ಮ್ಯಾಗ್ನೆಟ್ ಹಿಡಿದು ಬಂದಳು. ಟಕ್! ಹಿಡಿಯಿತು. ಅವಳ ಚಿತ್ರದ ಹಾಳೆಯನ್ನೂ ಹಿಡಿದು ನಿಂತಿತು.

ನಿಜ ಹೇಳುತ್ತೇನೆ, ನನ್ನ ಕಣ್ಣಲ್ಲಿ ನೀರು ಬಂತು. ಬೆಳಗಿನಿಂದ ಎದೆಯ ಮೇಲಿದ್ದ ಕಲ್ಲನ್ನು ಯಾರೋ ಎತ್ತಿಟ್ಟ ಹಾಗಾಯಿತು.

ಚಹಾ ಕುಡಿಯುತ್ತ ಗೌರಕ್ಕ ತಾವಾಗಿಯೇ ಮಾತು ತೆಗೆದರು. "ಮನಿ ಬಾಡಿಗಿ ಕಾಗದ ಈ ಸಲ ಎರಡ ವರ್ಷದ್ದು ಮಾಡಸ್ರಿ. ಬಿಳಿ ಬಣ್ಣಾನೂ ಹಚ್ಚ್ರಿ, ತಿರುವಿ ಹಚ್ಚ್ರಿ. ಅಲ್ಲವ್ವಾ, ಮೊದಲ ನನಗೊಂದ ಮಾತ ಕೇಳಬಾರದೇನು?"

"ಬ್ಯಾಡ ಅಂತೀರಿ ಅಂತ ಅಂಜಿಕಿ ಆತ್ರೀ."

"ಮೊಳಿ ಬ್ಯಾಡ ಅಂದೀನಿ. ಬಣ್ಣ ಬ್ಯಾಡ ಅಂತ ಯಾವಾಗ ಅಂದೆ?"

ಅಂದಿರಲಿಲ್ಲ. ಅವರ ಬಾಯಿಗೆ ಆ ಮಾತನ್ನು ತುರುಕಿದವಳು ನಾನೇ. ಅತ್ತೆ ಬೇಡ ಅಂತಾರೆ, ಸಾಹೇಬರು ಬೇಡ ಅಂತಾರೆ, ಗಂಡ ಬೇಡ ಅಂತಾನೆ ಎಂದು ಕೇಳದೆಯೇ ಬಿಟ್ಟ ಕೆಲಸಗಳು ನನ್ನ ಬದುಕಿನಲ್ಲಿ ಎಷ್ಟಿವೆಯೋ. ಅವರೆಲ್ಲ ನಿಜಕ್ಕೂ ಬೇಡ ಅನ್ನುತ್ತಿದ್ದರೋ ಇಲ್ಲವೋ, ಈಗ ತಿಳಿಯುವ ದಾರಿಯೂ ಇಲ್ಲ.

ನೀವು ಹೇಳಿ, ಬಾಯಿ ಬಿಟ್ಟು ಕೇಳದೆ, ಯಾರ 'ಬೇಡ'ವನ್ನು ಅವರ ಪರವಾಗಿ ನೀವೇ ಹೇಳಿಕೊಂಡು ಸುಮ್ಮನೆ ಕುಳಿತಿದ್ದೀರಿ?