ಸೂಲಗಿತ್ತಿ ಸೆಂಡಾಳ ಮಗಳಿಗೆ ಎರಡು ಸೀಟು

ಸೋಮವಾರ ಮಧ್ಯಾಹ್ನ ಸೆಂಡಾಳ ಮನೆ ಗೇಟಿಗೆ ಒಂದು ಬ್ಯಾನರ್ ಬಂತು. ಮಂಗಳವಾರ ಇನ್ನೊಂದು. ಎರಡರಲ್ಲೂ ಮಗಳು ಐರಾ ಪದಕ ಹಾಕಿಕೊಂಡು ನಿಂತ ಅದೇ ಫೋಟೊ, ‘ನಮ್ಮೂರಿನ ಭಾವಿ ಡಾಕ್ಟರ್‌ಗೆ ಅಭಿನಂದನೆ’ ಎಂಬ ಅದೇ ಸಾಲು. ಕೆಳಗಿನ ವಿಶ್ವವಿದ್ಯಾಲಯದ ಹೆಸರು ಮಾತ್ರ ಮೊದಲನೆಯದರಲ್ಲಿ ಖಾಸಗಿ, ಎರಡನೆಯದರಲ್ಲಿ ಸರ್ಕಾರಿ.

ಇಲೊಯಿಲೊ ಪ್ರಾಂತ್ಯದ ಕರಾವಳಿಯ ನಮ್ಮ ಊರಿನಲ್ಲಿ ಯಾರು ಏನು ಪಾಸಾದರೂ ಗೇಟಿಗೆ ಬ್ಯಾನರ್ ಕಟ್ಟಲೇಬೇಕು. ಕಟ್ಟದಿದ್ದರೆ ಪಾಸಾದದ್ದು ಲೆಕ್ಕಕ್ಕಿಲ್ಲ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವವರನ್ನು ಸೆಂಡಾ ತನ್ನ ಇಪ್ಪತ್ತೆಂಟು ವರ್ಷದ ಸೂಲಗಿತ್ತಿ ಕೆಲಸದಲ್ಲಿ ಬೇಕಾದಷ್ಟು ನೋಡಿದ್ದಳು. ಕೂಸು ಯಾವ ಮನೆಯದ್ದು ಎಂದೇ ಗೊತ್ತಾಗುವ ಮೊದಲು ಎರಡೆರಡು ಕುಲಾವಿ ಹೊಲಿಸಿದವರನ್ನು ನೋಡಿದ್ದು ಇದೇ ಮೊದಲು.

ಮೊದಲನೆಯದು ಗಂಡನ ಅಕ್ಕ ಪಾಸಿಂಗಳದ್ದು, ಮನೆಯವರ ಬಾಯಲ್ಲಿ ‘ಮನಾಂಗ್’, ಅಂದರೆ ಅಕ್ಕ. ಮೂವತ್ತು ವರ್ಷ ಸೌದಿಯ ಆಸ್ಪತ್ರೆಗಳಲ್ಲಿ ನರ್ಸಾಗಿ ದುಡಿದು ಬಂದು, ಹೆಂಚಿನ ಬಣ್ಣದ ಎರಡಂತಸ್ತಿನ ಮನೆ ಕಟ್ಟಿಸಿಕೊಂಡು, ಈಗ ಊರಿನವರೆಲ್ಲ ಹೇಗೆ ಬದುಕಬೇಕೆಂದು ಹೇಳುವುದನ್ನೇ ಉದ್ಯೋಗ ಮಾಡಿಕೊಂಡಾಕೆ. ಬ್ಯಾನರಿನ ಬಲಗಡೆ ಐರಾಳಷ್ಟೇ ದೊಡ್ಡದಾಗಿ ಪಾಸಿಂಗಳ ಮುಖವೂ ಇತ್ತು.

“ಅವಳ ಬ್ಯಾನರಲ್ಲಿ ನಿಮ್ಮ ಮುಖ ಯಾಕೆ, ಮನಾಂಗ್?” ಎಂದು ಸೆಂಡಾ ಕೇಳಿದಳು.

“ಫೀಸು ಕಟ್ಟೋರ ಮುಖ ನಾಲ್ಕು ಜನ ನೋಡೋದು ಬೇಡ್ವಾ?”

“ಅವಳು ಇನ್ನೂ ಎಲ್ಲಿಗೂ ಸೇರಿಲ್ಲ.”

“ಸೇರ್ತಾಳೆ. ಸರ್ಕಾರಿ ಯೂನಿವರ್ಸಿಟೀಲಿ ಹುಡುಗ್ರು ಕ್ಲಾಸಲ್ಲಿ ಕೂರೋದಕ್ಕಿಂತ ರಸ್ತೇಲಿ ಕೂರೋದೇ ಜಾಸ್ತಿ. ಪಾದ್ರಿಗಳು ನಡೆಸೋ ಖಾಸಗಿ ಯೂನಿವರ್ಸಿಟಿಗೆ ಅದರದ್ದೇ ಮೆಡಿಕಲ್ ಕಾಲೇಜಿದೆ. ತಮ್ಮಲ್ಲಿ ಓದಿದವರನ್ನ ಮೊದ್ಲು ಒಳಗೆ ಬಿಟ್ಕೋತಾರೆ. ನಿಂಗೇನು ಗೊತ್ತು ಇದೆಲ್ಲ?”

‘ನಿಂಗೇನು ಗೊತ್ತು’ ಎನ್ನುವುದು ಪಾಸಿಂಗಳ ಬಾಯಲ್ಲಿ ಜಪದ ಹಾಗೆ. ಸೆಂಡಾಗೆ ಗೊತ್ತಿದ್ದದ್ದು ಇಷ್ಟು: ಇಲ್ಲಿ ಡಾಕ್ಟರಾಗಬೇಕಾದರೆ ಮೊದಲು ನಾಲ್ಕು ವರ್ಷದ ಒಂದು ಡಿಗ್ರಿ ಮುಗಿಸಬೇಕು, ಮೆಡಿಕಲ್ ಕಾಲೇಜಿನ ಬಾಗಿಲು ತಟ್ಟುವುದು ಆಮೇಲೆ. ಆ ನಾಲ್ಕು ವರ್ಷಕ್ಕೆ ಐರಾಳಿಗೆ ಎರಡು ಕಡೆ ಸೀಟು ಸಿಕ್ಕಿತ್ತು. ಸರ್ಕಾರಿಯಲ್ಲಿ ಬಯಾಲಜಿ, ಫೀಸಿಲ್ಲ, ದೇಶದಲ್ಲೆಲ್ಲ ಹೆಸರು. ಖಾಸಗಿಯಲ್ಲಿ ಲ್ಯಾಬ್ ಕೋರ್ಸು. ರಕ್ತ, ಮೂತ್ರ ಪರೀಕ್ಷೆ ಮಾಡುವ ವಿದ್ಯೆ. ಸರ್ಕಾರಿಯವರು ಶುಕ್ರವಾರ ಸಂಜೆ ಐದರೊಳಗೆ ಕಂಪ್ಯೂಟರಿನಲ್ಲಿ ‘ಬರುತ್ತೇನೆ’ ಎಂದು ಒತ್ತಬೇಕು, ಇಲ್ಲದಿದ್ದರೆ ಸೀಟು ಸರತಿಯಲ್ಲಿರುವ ಮುಂದಿನವರಿಗೆ ಎಂದಿದ್ದರು.

ಎರಡನೇ ಬ್ಯಾನರ್ ಊರಿನ ಕ್ಯಾಪ್ಟನ್, ಅಂದರೆ ಪಂಚಾಯ್ತಿಯ ಮುಖ್ಯಸ್ಥ, ಎಸ್ತೆಬಾನ್‌ನದು. ನವೆಂಬರಿನಲ್ಲಿ ಪಂಚಾಯ್ತಿ ಚುನಾವಣೆ. ನಾಲ್ಕು ಜನರನ್ನು ಕರೆದುಕೊಂಡು ಬಂದು, ಪಾಸಿಂಗಳ ಬ್ಯಾನರನ್ನು ಒಂದು ಗೇಣು ಕೆಳಗಿಳಿಸಿ, ಅದರ ಮೇಲೆ ತನ್ನದನ್ನು ಕಟ್ಟಿಸಿದ. ಅದರಲ್ಲಿ ಐರಾಳಿಗಿಂತ ಅವನೇ ದೊಡ್ಡವನಾಗಿದ್ದ.

“ಸರ್ಕಾರಿ ಯೂನಿವರ್ಸಿಟಿ ಅಂದ್ರೆ ನಮ್ಮದೇ ಅಲ್ವೇ ಸೆಂಡಾ? ನಾನೂ ಸರ್ಕಾರ ತಾನೆ!”

“ಅವಳ ಪರೀಕ್ಷೆ ನೀವು ಬರೆದ್ರಾ ಕ್ಯಾಪ್ಟನ್?”

ಅವನು ಹೊಟ್ಟೆ ಕುಣಿಸಿ ನಕ್ಕ. ಇಂಥವರಿಗೆ ಬೈದರೂ ಹೊಗಳಿದ ಹಾಗೇ ಕೇಳಿಸುತ್ತದೆ.

ಆಮೇಲಿನ ಮೂರು ದಿನ ಸೆಂಡಾಗೆ ತಲೆ ಚಿಟ್ಟು ಹಿಡಿಯಿತು. ಆರೋಗ್ಯ ಕೇಂದ್ರದಲ್ಲಿ ಬಸುರಿಯ ಹೊಟ್ಟೆಯ ಮೇಲೆ ಟೇಪು ಇಟ್ಟರೆ, ಬಸುರಿ ಮಲಗಿದಲ್ಲಿಂದಲೇ ಉಪದೇಶ ಶುರು ಮಾಡುತ್ತಿದ್ದಳು. “ಸರ್ಕಾರೀಲಿ ಮಾರ್ಕ್ಸ್ ಕೊಡಲ್ವಂತೆ ಕಣಕ್ಕ, ಕಡಿಮೆ ಮಾರ್ಕ್ಸ್ ಇದ್ರೆ ಮೆಡಿಕಲ್‌ನೋರು ಮೂಸೂ ನೋಡಲ್ವಂತೆ.” “ಉಸಿರು ಬಿಗಿಹಿಡಿ” ಎಂದು ಸೆಂಡಾ ಗದರುವಳು. ಅಷ್ಟರಲ್ಲಿ ಬಾಗಿಲಲ್ಲಿ ಕೂಸಿಗೆ ಚುಚ್ಚುಮದ್ದು ಹಾಕಿಸಲು ಬಂದ ಅಜ್ಜಿ, ಪಾದ್ರಿಗಳ ಯೂನಿವರ್ಸಿಟಿಯ ಬಿಳಿ ಸಮವಸ್ತ್ರ ಎಷ್ಟು ಚೆಂದ ಎಂದು ವರ್ಣಿಸುವಳು. ಮೂರನೇ ಕ್ಲಾಸು ದಾಟದವರಿಗೂ ಈ ವಾರ ವಿಶ್ವವಿದ್ಯಾಲಯಗಳ ವಿಷಯದಲ್ಲಿ ಸ್ಪಷ್ಟ ಅಭಿಪ್ರಾಯವಿತ್ತು.

ಗಂಡ ನೊನೊಯ್‌ಗೆ ಮಾತ್ರ ಯಾವ ಅಭಿಪ್ರಾಯವೂ ಇರಲಿಲ್ಲ. ಅವನು ಹಿಂದೆ ಮೂರು ಚಕ್ರದ ಗಾಡಿ ಓಡಿಸುತ್ತಿದ್ದ. ಒಮ್ಮೆ ಅದು ಕಾಲುವೆಗೆ ಮಗುಚಿ ಸೊಂಟ ಮುರಿದು ಎರಡು ವರ್ಷ ಮಲಗಿದ್ದ. ಎದ್ದ ಮೇಲೆ ಬೇರೆಯವರ ಗಾಡಿ ರಿಪೇರಿ ಮಾಡುತ್ತಾನೆ. ಅಕ್ಕ ಬಂದರೆ “ಹೌದು ಮನಾಂಗ್” ಎನ್ನುವನು, ಹೆಂಡತಿ ಕೂಗಿದರೆ “ಹೌದು ಸೆಂಡಾ” ಎನ್ನುವನು. ಕ್ಯಾಪ್ಟನ್ ಬ್ಯಾನರ್ ಕಟ್ಟಿಸುವಾಗ ಏಣಿ ಹಿಡಿದವನೂ ಅವನೇ.

ಸೆಂಡಾಳ ಸಿಟ್ಟಿಗೆ ಹಳೆಯ ಬೇರಿತ್ತು. ಹದಿನೇಳನೇ ವಯಸ್ಸಿನಲ್ಲಿ ಅವಳಿಗೂ ನಗರದಲ್ಲಿ ನಾಲ್ಕು ವರ್ಷದ ಡಿಗ್ರಿಗೆ ಸೀಟು ಸಿಕ್ಕಿತ್ತು. ಅಪ್ಪ, ಇಬ್ಬರು ಅಣ್ಣಂದಿರು, ಒಬ್ಬ ಸೋದರಮಾವ ಅಂಗಳದಲ್ಲಿ ಕೂತು ಹೆಂಡ ಕುಡಿಯುತ್ತ, ಎರಡು ವರ್ಷದ ಸೂಲಗಿತ್ತಿ ಕೋರ್ಸು ಸಾಕೆಂದು ತೀರ್ಮಾನ ಮಾಡಿದರು. ಅವಳು ಅವರಿಗೆ ನಂಜಿಕೊಳ್ಳಲು ಮೀನು ಹುರಿಯುತ್ತಿದ್ದಳು. ಈ ಕತೆಯನ್ನು ಅವಳು ಐರಾಳಿಗೆ ನೂರು ಸಲ ಹೇಳಿರಬಹುದು, ಪ್ರತಿ ಸಲ ಮುಗಿಸುವುದೂ ಒಂದೇ ಮಾತಿನಿಂದ: “ಯಾರೂ ನನ್ನ ಒಂದು ಮಾತು ಕೇಳ್ಲಿಲ್ಲ. ಈ ದರಿದ್ರ ಕೆಲಸಕ್ಕೆ ತಳ್ಳಿದ್ರು.”

ಆದ್ದರಿಂದ ಸರ್ಕಾರಿ ವಿಶ್ವವಿದ್ಯಾಲಯವೇ ಸರಿ ಎಂದು ಅವಳ ಮನಸ್ಸು ಗಟ್ಟಿಯಾಗಿತ್ತು. ಹೆಸರಿದೆ, ಫೀಸಿಲ್ಲ ಎನ್ನುವುದು ಬಾಯಲ್ಲಿ ಹೇಳುವ ಕಾರಣ. ನಿಜ ಹೇಳಬೇಕೆಂದರೆ, ಪಾಸಿಂಗಳ ಹಂಗು ಅವಳಿಗೆ ಬೇಡವಾಗಿತ್ತು. ಪ್ರತಿ ಕ್ರಿಸ್‌ಮಸ್ಸಿಗೆ ಎಲ್ಲರ ಮುಂದೆ ‘ಇವಳನ್ನ ಓದಿಸಿದ್ದು ನಾನು’ ಎಂದು ಕೇಳಿಸಿಕೊಳ್ಳುವುದಕ್ಕಿಂತ ಉಪ್ಪು ಗಂಜಿ ಕುಡಿಯುವುದು ಮೇಲು ಎನಿಸಿತ್ತು.

ಶುಕ್ರವಾರ ಮಧ್ಯಾಹ್ನ ಊಟಕ್ಕೆ ಪಾಸಿಂಗ್ ಕರೆಯದೆ ಬಂದು ಕೂತಳು. ಹುಳಿ ಹಾಕಿದ ಮೀನಿನ ಸಾರು ಬಡಿಸುವ ಮೊದಲೇ ಜಗಳ ಬಡಿಸಿದಳು.

“ನಾನು ನಗರದಲ್ಲಿ ಅವಳಿಗೆ ರೂಮೂ ನೋಡಿ ಬಂದಿದೀನಿ.”

“ಯಾರು ಹೇಳಿದ್ರು ನೋಡೋಕೆ?”

“ಹೇಳಿಸ್ಕೊಂಡೇ ಮಾಡ್ಬೇಕಾ? ನಿನ್ನ ಹಟಕ್ಕೆ ಮಗು ಹಾಳಾಗ್ಬೇಕಾ?”

“ಹಟ ನಂದಾ? ಗೇಟಿಗೆ ಮುಖ ನೇತುಹಾಕಿದ್ದು ಯಾರು?”

“ನೋಡೋ ನೊನೊಯ್, ನಿನ್ನ ಹೆಂಡ್ತಿ ಬಾಯಿ!”

“ಸಾರು ಚೆನ್ನಾಗಿದೆ” ಎಂದ ನೊನೊಯ್.

ಐರಾ ಮೀನಿನ ಮುಳ್ಳನ್ನು ತಟ್ಟೆಯ ಅಂಚಿಗೆ ಸರಿಸುತ್ತ ತಿನ್ನುತ್ತಿದ್ದಳು. ಅವಳು ಯಾವತ್ತೂ ಮಾತು ಕಡಿಮೆಯ ಹುಡುಗಿ. ತಟ್ಟೆ ತೊಳೆದಿಟ್ಟು, ಹಿತ್ತಲಿಗೆ ಬಟ್ಟೆ ಒಗೆಯಲು ಹೋದಳು. ಪಾಸಿಂಗ್ ದುಮುಗುಟ್ಟುತ್ತ ಮನೆಗೆ ಹೋದಳು.

ಗಂಟೆ ಮೂರೂವರೆ. ಐರಾಳ ಫೋನು ಮೇಜಿನ ಮೇಲಿತ್ತು. ಸೆಂಡಾ ಒಮ್ಮೆ ಹಿತ್ತಲ ಕಡೆ ನೋಡಿದಳು. ಸಾಕಾಗಿ ಹೋಗಿತ್ತು ಅವಳಿಗೆ. ಈ ಹುಡುಗಿ ಬಾಯಿ ಬಿಡುವುದಿಲ್ಲ, ಐದು ಗಂಟೆ ನಿಲ್ಲುವುದಿಲ್ಲ, ಸೀಟು ಯಾವನೋ ಗೊತ್ತಿಲ್ಲದವನ ಪಾಲಾಗುತ್ತದೆ, ಪಾಸಿಂಗ್ ಗೆದ್ದು ಬೀಗುತ್ತಾಳೆ. ಒಂದು ಗುಂಡಿ ಒತ್ತುವುದು ತಾನೆ, ತಾನೇ ಒತ್ತಿದರಾಯಿತು. ಫೋನಿನ ಗುಟ್ಟಿನ ಸಂಖ್ಯೆ ನೊನೊಯ್‌ನ ಹಳೇ ಗಾಡಿಯ ನಂಬರು ಎಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಕನ್ನಡಕ ಹುಡುಕಿ ಹಾಕಿಕೊಂಡು, ಸರ್ಕಾರಿ ವಿಶ್ವವಿದ್ಯಾಲಯದ ಪುಟ ತೆರೆದಳು.

‘ಬರುತ್ತೇನೆ’ ಎಂಬ ಗುಂಡಿ ಅಲ್ಲಿರಲಿಲ್ಲ. ಅದರ ಜಾಗದಲ್ಲಿ ಎರಡು ಸಾಲಿತ್ತು. ‘ಈ ಸೀಟನ್ನು ನೀವು ಬಿಟ್ಟುಕೊಟ್ಟಿದ್ದೀರಿ. ಸೋಮವಾರ, ಬೆಳಿಗ್ಗೆ 6:12. ಈ ನಿರ್ಧಾರವನ್ನು ಇನ್ನು ಬದಲಾಯಿಸಲಾಗದು.’

ಸೆಂಡಾ ಹಿತ್ತಲಿಗೆ ಓಡಿದ ರಭಸಕ್ಕೆ ಕೋಳಿಗಳು ಚೆಲ್ಲಾಪಿಲ್ಲಿಯಾದವು.

“ಏನು ಮಾಡ್ಕೊಂಡಿದೀಯೇ ಹಾಳಾದೋಳೇ! ಬಿಟ್‌ಕೊಟ್ಯಾ? ಇಡೀ ಊರು ಬಾಯಿ ಬಿಡೋ ಸೀಟನ್ನ ಬಿಟ್‌ಕೊಟ್ಯಾ?”

ಐರಾ ನೊರೆ ಕೈಯಲ್ಲೇ ಎದ್ದು ನಿಂತಳು. ಮೊದಲು ಅಮ್ಮನ ಮುಖ ನೋಡಿದಳು, ಆಮೇಲೆ ಅಮ್ಮನ ಕೈಯಲ್ಲಿದ್ದ ಫೋನು ನೋಡಿದಳು.

“ನೀನು ಏನು ಒತ್ತೋಕೆ ಹೋಗಿದ್ದೆ, ನಾಯ್?”

ಅಮ್ಮನನ್ನು ಅವಳು ಕರೆಯುವುದೇ ಹಾಗೆ. ದನಿ ಏರಿರಲಿಲ್ಲ. ಏರಿದ್ದರೆ ಸೆಂಡಾಗೆ ಉತ್ತರ ಕೊಡುವುದು ಸುಲಭವಾಗುತ್ತಿತ್ತು.

“ನಿನ್ನ ಒಳ್ಳೇದಕ್ಕೆ... ಸಮಯ ಮೀರ್ತಿತ್ತು... ಸೋಮವಾರಾನೇ ಬಿಟ್ಟಿದ್ರೆ ಬಾಯಿ ಬಿಟ್ಟು ಹೇಳೋಕೇನಾಗಿತ್ತು? ನಾವೆಲ್ಲ ವಾರಪೂರ್ತಿ ಹೊಡೆದಾಡ್ಕೊಂಡ್ವಲ್ಲೇ!”

“ಯಾರಾದ್ರೂ ಕೇಳಿದ್ರೆ ಹೇಳ್ತಿದ್ದೆ.”

ಸೆಂಡಾ ವಾರವನ್ನು ಹಿಂದಕ್ಕೆ ಕೆದಕಿ ನೋಡಿದಳು. ‘ನೀನು ಸರ್ಕಾರಿಗೇ ಹೋಗ್ಬೇಕು’ ಎಂದದ್ದು ನೆನಪಿತ್ತು, ‘ಅತ್ತೆ ಮಾತು ಕೇಳಬೇಡ’ ಎಂದದ್ದೂ ನೆನಪಿತ್ತು. ಕೇಳಿದ್ದು ಒಂದೂ ನೆನಪಾಗಲಿಲ್ಲ. ಇಷ್ಟಾದರೂ ಸಿಟ್ಟು ಇಳಿಯಲಿಲ್ಲ.

“ಆಯ್ತು, ಈಗ ಆ ಹೆಂಗಸಿನ ಹಂಗಲ್ಲಿ ಬಿದ್ಯಲ್ಲ! ಸಾಯೋವರೆಗೂ ಆಡ್ಕೊಳ್ತಾಳೆ.”

“ಪದಕ ಬಂದಿರೋದಕ್ಕೆ ಮೊದಲನೇ ವರ್ಷ ಫೀಸಿಲ್ಲ. ಮಾರ್ಕ್ಸ್ ಕಾಯ್ಕೊಂಡ್ರೆ ಆಮೇಲೆ ಅರ್ಧ. ಮಿಕ್ಕಿದ್ದು ಅತ್ತೆ ಕೊಡ್ಲಿ. ಅವರು ಆಡೋದನ್ನ ನಾನು ಕೇಳಿಸ್ಕೋತೀನಿ, ನೀನು ಕೇಳಿಸ್ಕೋಬೇಡ.”

“ಡಾಕ್ಟರಾಗೋಕೆ ಅದೇ ಒಳ್ಳೇದು ಅಂತ ನಿಂಗೂ ಅನ್ಸಿತಾ?”

“ಡಾಕ್ಟರಾಗೋಕೆ ಯಾವುದು ಒಳ್ಳೇದು ಅಂತ ಎಲ್ರೂ ಹೇಳಿದ್ರು ನಾಯ್. ಆಗ್ದೇ ಹೋದ್ರೆ ಯಾವುದು ಒಳ್ಳೇದು ಅಂತ ಒಬ್ರೂ ಹೇಳ್ಲಿಲ್ಲ.” ಐರಾ ಕೈಯ ನೊರೆಯನ್ನು ಲಂಗಕ್ಕೆ ಒರೆಸಿಕೊಂಡಳು. “ಬಯಾಲಜಿ ಮುಗಿಸಿ ಮೆಡಿಕಲ್ ಸಿಗ್ಲಿಲ್ಲ ಅಂದ್ರೆ ನಂಗೆ ಯಾರು ಕೆಲಸ ಕೊಡ್ತಾರೆ? ಲ್ಯಾಬ್ ಕೋರ್ಸಾದ್ರೆ ಕೊನೇಲಿ ಲೈಸೆನ್ಸ್ ಇರತ್ತೆ. ಅಪ್ಪ ಎರಡು ವರ್ಷ ಮಲಗಿದ್ದಾಗ ನಾವು ತಿಂದಿದ್ದು ನಿನ್ನ ಲೈಸೆನ್ಸಿಂದ. ದರಿದ್ರ ಕೆಲಸ ಅಂತ ನೀನು ದಿನಾ ಬೈತೀಯಲ್ಲ, ಅದರಿಂದ. ನಾನು ಅದನ್ನ ನೋಡ್ಕೊಂಡೇ ಬೆಳೆದಿದ್ದು.”

ಸೆಂಡಾ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತಳು. ಕಲ್ಲು ಒದ್ದೆಯಾಗಿತ್ತು, ಅವಳಿಗೆ ಅದರ ಗಮನವಿರಲಿಲ್ಲ. ಇಪ್ಪತ್ತೆಂಟು ವರ್ಷ ತನ್ನ ಕೆಲಸವನ್ನು ಬೈಯುತ್ತ ಬಂದವಳಿಗೆ, ಅದನ್ನು ಯಾರೋ ಪಕ್ಕದಲ್ಲಿ ಕೂತು ಬೇರೆ ರೀತಿ ಲೆಕ್ಕ ಹಾಕುತ್ತಿದ್ದರೆಂದು ಹೊಳೆದೇ ಇರಲಿಲ್ಲ. ನಾಚಿಕೆಯಾಯಿತು, ಹೆಮ್ಮೆಯೂ ಆಯಿತು, ಪಾಸಿಂಗ್ ಗೆದ್ದಳಲ್ಲ ಎಂಬ ಉರಿಯೂ ಅಲ್ಲೇ ಇತ್ತು. ಕೊನೆಗೆ ಫೋನನ್ನು ಮಗಳ ಕೈಗೆ ಕೊಟ್ಟು ಕೇಳಿದಳು.

“ಐರಾ, ಡಾಕ್ಟರಾಗ್ಬೇಕು ಅಂತ ನಿಂಗೆ ಆಸೆ ಇದೆಯಾ?”

ಹುಡುಗಿ ಅಮ್ಮನ ಪಕ್ಕದಲ್ಲಿ ಅದೇ ಒದ್ದೆ ಕಲ್ಲಿನ ಮೇಲೆ ಕೂತಳು.

“ತುಂಬಾ ಇದೆ. ಆದ್ರೆ ಆಗುತ್ತೋ ಇಲ್ವೋ ಅಂತ ತುಂಬಾ ಹೆದರಿಕೆ, ನಾಯ್.”

ಹೆರಿಗೆ ನೋವಿನಲ್ಲಿ ಕೂಗುವ ಹೆಂಗಸರಿಗೆ ‘ಹೆದರಬೇಡ, ಏನೂ ಆಗಲ್ಲ’ ಎಂದು ಸೆಂಡಾ ಸಾವಿರ ಸಲ ಹೇಳಿದ್ದಳು. ಈಗಲೂ ಅದೇ ನಾಲಿಗೆಯ ತುದಿಗೆ ಬಂತು. ನುಂಗಿಕೊಂಡಳು.

“ನಂಗೂ ಹೆದರಿಕೆ ಕಣೇ” ಎಂದಳು.